ಮಕ್ಕಳಿಗೆ ಕನ್ನಡದಲ್ಲಿ ಕೋಡಿಂಗ್ ಪಾಠ: ಸೇರಿ ಬರೆಯೋದಾದರೆ ಎಲ್ಲಿ ಬರೆಯೋದು?

ಈ ವರ್ಷ ಒಂದೇ ಪ್ರಶ್ನೆ ನನ್ನ ಹತ್ತಿರ ನಾಲ್ಕು ಸಲ ಬಂದಿದೆ. ಕೇಳಿದವರು ಬೇರೆ ಬೇರೆ. "ನಾವೊಂದಿಷ್ಟು ಜನ ಸೇರಿ ಮಕ್ಕಳಿಗೆ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಪಾಠ ಬರೆಯಬೇಕು ಅಂತಿದ್ದೇವೆ. ಒಬ್ಬರು ಬೆಂಗಳೂರು, ಒಬ್ಬರು ಶಿವಮೊಗ್ಗ, ಒಬ್ಬರು ಜರ್ಮನಿ. ಗೂಗಲ್ ಡಾಕ್ಸ್ ಸಾಕಾ, ವಿಕಿ ಬೇಕಾ, ಗಿಟ್‌ಹಬ್‌ಗೆ ಹೋಗೋದಾ? ಅಥವಾ ಇಂಗ್ಲಿಷಿನಲ್ಲಿ ಇರೋದನ್ನೇ ಅನುವಾದ ಮಾಡಿಬಿಡೋದಾ?" ವಿಕಿ ಅಂದರೆ ಓದುವವರೇ ತಿದ್ದಬಹುದಾದ, ವಿಕಿಪೀಡಿಯದಂಥ ತಾಣ. ಗಿಟ್‌ಹಬ್ ಅಂದರೆ ಪ್ರೋಗ್ರಾಮರ್‌ಗಳು ಸೇರಿ ಕೋಡ್ ಬರೆದಿಡುವ ತಾಣ.

ಇಂಥ ಎರಡು ಗುಂಪುಗಳಲ್ಲಿ ನಾನು ಇದ್ದೆ. ಮೊದಲನೆಯದು ಮುಳುಗಿತು. ಎರಡನೆಯದು ಕುಂಟುತ್ತಾ ನಡೆದಿದೆ. ಮುಳುಗಿದ ಕಥೆ ಚಿಕ್ಕದು. ನಾವು ಏಳು ಜನ, ಅದರಲ್ಲಿ ಐವರು ಸಾಫ್ಟ್‌ವೇರ್‌ನವರು. ಮೊದಲ ಮೂರು ವಾರ ಚೆಂದದ ವೆಬ್‌ಸೈಟ್ ಕಟ್ಟಿದೆವು. ಅದು ಸಿದ್ಧವಾದಾಗ ಒಳಗಿದ್ದ ಪಾಠ ಎರಡು. ನಮ್ಮಲ್ಲಿ ನಿಜವಾಗಿ ಮಕ್ಕಳ ಜೊತೆ ಕೂತು ಕಲಿಸಿದವರು ಒಬ್ಬರೇ, ಹಾವೇರಿ ಕಡೆಯ ಒಬ್ಬ ಮೇಡಂ. ಅವರಿಗೆ ಗಿಟ್‌ಹಬ್ ಖಾತೆ, ಬ್ರಾಂಚ್ (ತಿದ್ದಲು ತೆಗೆಯುವ ಬೇರೆ ಪ್ರತಿ), ಪುಲ್ ರಿಕ್ವೆಸ್ಟ್ (ತಿದ್ದಿದ್ದನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಎಲ್ಲ ವಿವರಿಸಿದೆವು. ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಇದೇನ್ರೀ, ಪಾಠ ಬರಿಯೋದೋ ಪಾಸ್‌ಪೋರ್ಟ್ ಮಾಡ್ಸೋದೋ?" ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದು ಹನ್ನೊಂದು ಪುಟಗಳ ಫೋಟೋ ವಾಟ್ಸಾಪ್‌ಗೆ ಹಾಕಿದರು. ಯಾರೂ ಟೈಪ್ ಮಾಡಲಿಲ್ಲ. ಆ ಹನ್ನೊಂದು ಪುಟ ನಾವು ಮಾಡಿದ ಎಲ್ಲಕ್ಕಿಂತ ಚೆನ್ನಾಗಿತ್ತು.

ಹಾಗಾಗಿ ಈ ಹೋಲಿಕೆಯಲ್ಲಿ ನನ್ನ ಪಕ್ಷ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಗುಂಪಿನಲ್ಲಿ ಮಕ್ಕಳನ್ನು ಬಲ್ಲವರು ಯಾರೋ, ಅವರ ಕೈಗೆ ಯಾವ ಜಾಗ ಒಗ್ಗುತ್ತದೋ ಅದೇ ಸರಿಯಾದ ಜಾಗ. ಎಂಜಿನಿಯರ್‌ಗಳು ಎಲ್ಲಿ ಬೇಕಾದರೂ ಬರೆಯುತ್ತಾರೆ, ಅವರ ಚಿಂತೆ ಬಿಡಿ.

ಅಳೆಯೋದು ಯಾವುದರಿಂದ

ಜಾಗ ಆರಿಸುವ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳಿ.

ಒಂದು, ಬರೆಯುವವರಲ್ಲಿ ಕಂಪ್ಯೂಟರ್ ಜೊತೆ ಅತಿ ಕಡಿಮೆ ಒಡನಾಟ ಇರುವವರು ಯಾರು? ಅವರು ಕನ್ನಡ ಟೈಪ್ ಮಾಡೋದು ಹೇಗೆ? ಫೋನಿನಲ್ಲಾ, ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಾ, ಅಥವಾ ಮಾಡೋದೇ ಇಲ್ವಾ?

ಎರಡು, ಮಗು ಪಾಠ ನೋಡೋದು ಎಲ್ಲಿ? ಮನೆಯ ಲ್ಯಾಪ್‌ಟಾಪಿನಲ್ಲೋ, ಅಮ್ಮನ ಫೋನಿನಲ್ಲೋ, ಇಂಟರ್ನೆಟ್ ಬಂದರೆ ಬಂತು ಎನ್ನುವ ಶಾಲೆಯ ಲ್ಯಾಬಿನಲ್ಲೋ? ಕೊನೆಯದಾದರೆ ನಿಮ್ಮ ಪಾಠ ಕಾಗದದ ಮೇಲೂ ಚೆನ್ನಾಗಿ ಬರಬೇಕು. ಇದನ್ನು ಮೊದಲೇ ಯೋಚಿಸದಿದ್ದರೆ ಆಮೇಲೆ ಎಲ್ಲಾ ಚಿತ್ರ ಮತ್ತೆ ತೆಗೆಯಬೇಕಾಗುತ್ತದೆ. ಕಪ್ಪು ಹಿನ್ನೆಲೆಯ ಸ್ಕ್ರೀನ್‌ಶಾಟ್ ಜೆರಾಕ್ಸ್ ಆದ ಮೇಲೆ ಹೇಗಿರುತ್ತದೆ ಅಂತ ಒಮ್ಮೆ ನೋಡಿ.

ಮೂರು, ತಪ್ಪು ಸಿಕ್ಕಾಗ ತಿದ್ದುವವರು ಯಾರು? ಆರು ತಿಂಗಳ ನಂತರ ಅಪರಿಚಿತ ಟೀಚರ್ ಒಬ್ಬರು "ಮೂರನೇ ಪಾಠದಲ್ಲಿ ಒಂದು ಸಾಲು ಬಿಟ್ಟುಹೋಗಿದೆ" ಅಂದರೆ ಅವರೇ ತಿದ್ದಬಹುದಾ, ನಿಮಗೆ ಹೇಳಬೇಕಾ, ಅಥವಾ ಹೇಳಲೂ ದಾರಿ ಇಲ್ವಾ?

ನಾಲ್ಕು, ಬರೆದದ್ದು ಯಾರದ್ದು? ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಕೊನೆಗೆ ಜಗಳವೂ ಇದರಿಂದಲೇ.

ದುಡ್ಡಿನ ಮಾತು ಐದನೆಯದಾಗಿ ಬೇಕಾದರೆ ಸೇರಿಸಿ. ಆದರೆ ಇಲ್ಲಿ ಹೇಳುವ ಬಹುತೇಕ ದಾರಿಗಳಿಗೆ ದುಡ್ಡು ಬೇಡ. ಖರ್ಚಾಗುವುದು ಭಾನುವಾರಗಳು.

ಮೊದಲ ಕವಲು: ಸ್ಕ್ರ್ಯಾಚಾ, ಪೈಥಾನಾ?

ಎಲ್ಲಿ ಬರೆಯೋದು ಅನ್ನುವುದಕ್ಕೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ತುಂಬಾ ಇದೆ. ಎರಡೂ ಪ್ರೋಗ್ರಾಮಿಂಗ್ ಭಾಷೆಗಳೇ. ಸ್ಕ್ರ್ಯಾಚಿನಲ್ಲಿ ಆಜ್ಞೆಗಳ ಬಣ್ಣದ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಜೋಡಿಸುತ್ತಾರೆ. ಪೈಥಾನಿನಲ್ಲಿ ಆಜ್ಞೆ ಟೈಪ್ ಮಾಡುತ್ತಾರೆ. ಹಾಗಾಗಿ ಸ್ಕ್ರ್ಯಾಚ್ ಪಾಠ ಎಂದರೆ ಚಿತ್ರಗಳು. ಪೈಥಾನ್ ಪಾಠ ಎಂದರೆ ಅಕ್ಷರಗಳು.

ಸ್ಕ್ರ್ಯಾಚ್ 2007ರಲ್ಲಿ ಎಂಐಟಿ ಮೀಡಿಯಾ ಲ್ಯಾಬಿನಿಂದ ಬಂತು, ಮಿಚೆಲ್ ರೆಸ್ನಿಕ್ ಅವರ ಗುಂಪು ಮಾಡಿದ್ದು. 8ರಿಂದ 16 ವಯಸ್ಸಿನವರಿಗೆ ಅಂತ ಅವರೇ ಹೇಳುತ್ತಾರೆ. ಅದಕ್ಕಿಂತ ಚಿಕ್ಕವರಿಗೆ, 5ರಿಂದ 7ರವರಿಗೆ, ಸ್ಕ್ರ್ಯಾಚ್ ಜೂನಿಯರ್ ಇದೆ. ಅದರಲ್ಲಿ ಬ್ಲಾಕ್‌ಗಳ ಮೇಲೆ ಪದಗಳೇ ಇಲ್ಲ, ಬರೀ ಗುರುತುಗಳು. ಓದಲು ಬಾರದ ಮಗುವೂ ಆಡಬಹುದು. ಅನುವಾದದ ತಲೆನೋವೂ ಅಷ್ಟು ಕಡಿಮೆ.

ಸ್ಕ್ರ್ಯಾಚಿನಲ್ಲಿ ಪಾಠ ಬರೆಯುವುದು ಸುಲಭ ಅಂದುಕೊಂಡಿದ್ದೆವು. ನಮ್ಮ ಮೊದಲ ಪಾಠದ ಮೊದಲ ಸಾಲು, ಸ್ಕ್ರ್ಯಾಚ್ ತೆರೆದಾಗ ಕಾಣುವ ಬೆಕ್ಕಿನ ಬಗ್ಗೆ: "ಬೆಕ್ಕನ್ನು 10 ಹೆಜ್ಜೆ ನಡೆಸಿ." ಬರೆದು ಖುಷಿಪಟ್ಟೆವು. ಆರನೇ ಕ್ಲಾಸಿನ ಹುಡುಗನೊಬ್ಬ ಬ್ಲಾಕ್ ಒತ್ತಿದ. ಬೆಕ್ಕು ಅಲುಗಿದ್ದೇ ಗೊತ್ತಾಗಲಿಲ್ಲ. "ಹತ್ತು ಹೆಜ್ಜೆ ಅಂದ್ರಿ, ಒಂದೂ ಇಡ್ಲಿಲ್ಲ ಸಾರ್." ಅವನು ಹೇಳಿದ್ದು ಸರಿ. ಸ್ಕ್ರ್ಯಾಚಿನ ಆಟದ ಅಂಗಳ 480 ಅಗಲ, 360 ಎತ್ತರ. ಅಲ್ಲಿನ ಹೆಜ್ಜೆ ಅಂದರೆ ಆ 480ರಲ್ಲಿ ಒಂದು ಚುಕ್ಕಿ. ನಡುವಿನಿಂದ ಅಂಚಿಗೆ ಹೋಗಲು ಆ ಬ್ಲಾಕನ್ನು 24 ಸಲ ಒತ್ತಬೇಕು. ಮೇಡಂ ಹೇಳಿದರು, ಅದನ್ನೇ ಪಾಠ ಮಾಡಿ, ಎಷ್ಟು ಸಲ ಒತ್ತಿದರೆ ಗೋಡೆ ಸಿಗುತ್ತೆ ಎಣಿಸಲಿ. ಎಣಿಸಿ ಬೇಸತ್ತ ಮಗುವಿಗೆ ಆಮೇಲೆ "ಮತ್ತೆ ಮತ್ತೆ ಮಾಡು" ಬ್ಲಾಕ್ ಕೊಡಿ. ಹೀಗೆ ಮತ್ತೆ ಮತ್ತೆ ಮಾಡಿಸುವ ಲೂಪ್ ಯಾಕೆ ಬೇಕು ಅಂತ ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಪೈಥಾನ್ ದೊಡ್ಡ ಮಕ್ಕಳಿಗೆ, ಎಂಟನೇ ಕ್ಲಾಸಿನ ಮೇಲೆ ಅನ್ನಿ. ಒಂದು ಒಳ್ಳೆಯ ಸುದ್ದಿ: ಪೈಥಾನಿನಲ್ಲಿ ವೇರಿಯಬಲ್, ಅಂದರೆ ಬೆಲೆ ಇಟ್ಟುಕೊಳ್ಳುವ ಡಬ್ಬಿಯ ಹೆಸರು ಕನ್ನಡದಲ್ಲೇ ಇಡಬಹುದು. "ಅಂಕ = 10" ಅಂದರೆ ಅದು ಗೊಣಗುವುದಿಲ್ಲ. ಮಗು ಕನ್ನಡ ಅಂಕಿಯಲ್ಲಿ ೧೨ ಅಂತ ಟೈಪ್ ಮಾಡಿ ಉತ್ತರ ಕೊಟ್ಟರೂ, ಅದನ್ನು ಸಂಖ್ಯೆ ಮಾಡುವ ಇಂಟ್ (int) ಎಂಬ ಆಜ್ಞೆ ಸರಿಯಾಗಿ ಹನ್ನೆರಡು ಅಂತಲೇ ಓದುತ್ತದೆ. ಆದರೆ "ಮಾರ್ಕ್‌ಗಳು" ಅಂತ ಹೆಸರಿಟ್ಟು ನೋಡಿ, ಎರ‍್ರರ್ ಬರುತ್ತದೆ. ಯಾಕೆ? ಕ್ ಮತ್ತು ಗ ಅಂಟಿಕೊಳ್ಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಪೈಥಾನ್ ಅದನ್ನು ಹೆಸರಿನೊಳಗೆ ಬಿಡುವುದಿಲ್ಲ. ನಮ್ಮವರೊಬ್ಬರು ಇದನ್ನು ಹುಡುಕಲು ಒಂದು ಸಂಜೆ ಪೂರ್ತಿ ಕಳೆದರು. ಸ್ಕ್ರೀನಿನ ಮೇಲೆ ಎಲ್ಲವೂ ಸರಿಯಾಗೇ ಕಾಣುತ್ತಿತ್ತು. ಪಾಠದಲ್ಲಿ "ಅಂಕ", "ಹೆಸರು", "ಊರು" ಇಂಥ ಸರಳ ಹೆಸರು ಇಟ್ಟರೆ ಈ ಗೋಳಿಲ್ಲ.

ಈಗ ಜಾಗಗಳಿಗೆ ಬರೋಣ.

ಅನುವಾದ ಮಾಡಿಬಿಡೋದಾ?

ಬರೆಯುವುದಕ್ಕಿಂತ ಇದು ಬೇಗ ಆಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ನಿಜ.

ಒಳ್ಳೆಯ ಸಾಮಗ್ರಿ ಇದೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸಂಸ್ಥೆ ರಾಸ್ಪ್‌ಬೆರಿ ಪೈ ಫೌಂಡೇಶನ್ನಿನ ಪ್ರಾಜೆಕ್ಟ್‌ಗಳು, ಅಂದರೆ 2012ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಕೋಡ್ ಕ್ಲಬ್ಬಿನವು ಸೇರಿ, ಸಿಸಿ ಬೈ-ಎಸ್‌ಎ ಎಂಬ ಕ್ರಿಯೇಟಿವ್ ಕಾಮನ್ಸ್ ಮುಕ್ತ ಲೈಸೆನ್ಸಿನಲ್ಲಿವೆ. ಹೆಸರು ಹೇಳಿ, ನಿಮ್ಮದನ್ನೂ ಅದೇ ಲೈಸೆನ್ಸಿನಲ್ಲಿ ಕೊಟ್ಟರೆ ಏನು ಬೇಕಾದರೂ ಬದಲಾಯಿಸಬಹುದು. ಕೋಡ್ ಡಾಟ್ ಆರ್ಗ್‌ನ ಪಠ್ಯ ಸಿಸಿ ಬೈ-ಎನ್‌ಸಿ-ಎಸ್‌ಎ. ಆ "ಎನ್‌ಸಿ" ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎರಡೂ ಬಿಟ್ಟಿಯೇ, ಆದರೆ ಒಂದೇ ಪಾಠದಲ್ಲಿ ಬೆರೆಸಿ ಹಂಚುವಂತಿಲ್ಲ. ಎನ್‌ಸಿ ಇರುವುದನ್ನು ವಿಕಿಪೀಡಿಯ ಬಳಗದ ಪಠ್ಯಪುಸ್ತಕ ತಾಣ ವಿಕಿಬುಕ್ಸ್‌ಗೆ ಹಾಕಲೂ ಆಗುವುದಿಲ್ಲ. ಇದು ನಮಗೆ ಎರಡು ಪಾಠ ಮುಗಿದ ಮೇಲೆ ಗೊತ್ತಾಯಿತು. ಎರಡನ್ನೂ ಎತ್ತಿಟ್ಟೆವು.

ಅನುವಾದದಲ್ಲಿ ಸಿಗುವುದು ಪಾಠಗಳ ಕ್ರಮ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಅವರು ನೂರಾರು ಮಕ್ಕಳ ಮೇಲೆ ನೋಡಿ ಕಟ್ಟಿದ್ದಾರೆ. ಹೊಸಬರಿಗೆ ಅದು ದೊಡ್ಡ ಉಳಿತಾಯ. ಕಳೆದುಕೊಳ್ಳುವುದು ಕನ್ನಡದ ಓಟ. ಇಂಥ ಅನುವಾದಗಳು ಸಾಮಾನ್ಯವಾಗಿ ಕ್ರೌಡಿನ್ ಥರದ, ಹಲವರು ಸೇರಿ ಅನುವಾದ ಮಾಡುವ ಜಾಗದಲ್ಲಿ ನಡೆಯುತ್ತವೆ. ಅಲ್ಲಿ ಪಾಠ ಪೂರ್ತಿ ಸಿಗುವುದಿಲ್ಲ, ಒಂದೊಂದೇ ವಾಕ್ಯ ಸಿಗುತ್ತದೆ. ಕೆಲವೊಮ್ಮೆ ವಾಕ್ಯವೂ ಅಲ್ಲ, ತುಂಡು. ನಡುವೆ ಬಾವುಟದ (ಸ್ಕ್ರ್ಯಾಚಿನ ಶುರು ಗುಂಡಿಯ) ಚಿತ್ರ, ಅದರ ಹಿಂದೆ "ಒತ್ತಿ", ಮುಂದೆ "ಶುರು ಮಾಡಲು". ಇಂಗ್ಲಿಷಿಗೆ ಆ ಜೋಡಣೆ ಸರಿ. ನಮ್ಮ ಕ್ರಿಯಾಪದ ಕೊನೆಗೆ ಬರಬೇಕಲ್ಲ? ತುಂಡು ತುಂಡಾಗಿ ಕೂಡಿಸಿದಾಗ "ಒತ್ತಿ ಬಾವುಟ ಶುರು ಮಾಡಲು" ಅಂತ ಮಂತ್ರದ ಹಾಗೆ ಆಗುತ್ತದೆ. ಪಾಠದಲ್ಲಿ ಹಿಮದ ಬೊಂಬೆ ಬಂದರೆ ಅವರ ಜಾಗದಲ್ಲಿ ಅದನ್ನು ಗಣೇಶನ ಬೊಂಬೆ ಮಾಡಲೂ ಆಗುವುದಿಲ್ಲ, ಮೂಲ ಅವರದ್ದು.

ನನ್ನ ಸಲಹೆ: ಗುಂಪಿನಲ್ಲಿ ಯಾರೂ ಮಕ್ಕಳಿಗೆ ಕಲಿಸಿದ ಅನುಭವ ಇಲ್ಲದವರಾದರೆ ಅನುವಾದದಿಂದ ಶುರು ಮಾಡಿ. ಇಂಗ್ಲಿಷ್ ವಾಕ್ಯ ಮುಚ್ಚಿಟ್ಟು, ಪಾಠದ ಎಲುಬು ಮಾತ್ರ ತೆಗೆದುಕೊಂಡು ನಿಮ್ಮದೇ ಕನ್ನಡದಲ್ಲಿ ಬರೆಯಿರಿ. ಬೈ-ಎಸ್‌ಎ ಇದ್ದರೆ ಅದಕ್ಕೆ ಅಡ್ಡಿಯಿಲ್ಲ. ಒಬ್ಬ ಟೀಚರ್ ಇದ್ದರೂ ಸಾಕು, ಹೊಸದಾಗಿ ಬರೆಯೋದೇ ವಾಸಿ.

ಗೂಗಲ್ ಡಾಕ್ಸ್

ಮೇಡಂಗೆ ಡಾಕ್ಸ್ ಕಲಿಸಲು ಹಿಡಿದದ್ದು ಒಂದು ಸಂಜೆ. ವಿಕಿಗೆ ಎರಡು ಭಾನುವಾರ. ಗಿಟ್‌ಹಬ್‌ಗೆ ಆರು ವಾರ, ಆಮೇಲೂ ಅವರು ಒಗ್ಗಲಿಲ್ಲ. ಈ ಮೂರು ಅಂಕಿಯಲ್ಲೇ ಅರ್ಧ ಉತ್ತರ ಇದೆ.

ಡಾಕ್ಸಿನ ದೊಡ್ಡ ಗುಣ ಸಲಹೆಯ ಮೋಡ್. ಇನ್ನೊಬ್ಬರ ವಾಕ್ಯ ನೀವು ತಿದ್ದಿದರೆ ಅದು ಬೇರೆ ಬಣ್ಣದಲ್ಲಿ ಕಾಣುತ್ತದೆ, ಬರೆದವರು ಒಪ್ಪಬಹುದು, ಬಿಡಬಹುದು. ಕೆಂಪು ಪೆನ್ನಿನ ಅಭ್ಯಾಸ ಇರುವ ಮೇಷ್ಟ್ರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಟೈಪ್ ಬಾರದವರು ಫೋನಿನಲ್ಲಿ ಗೂಗಲ್‌ನ ಜಿಬೋರ್ಡ್ ಕೀಲಿಮಣೆ ಹಾಕಿಕೊಂಡು ಕನ್ನಡದಲ್ಲಿ ಮಾತಾಡಿದರೂ ಅಕ್ಷರ ಬರುತ್ತದೆ. ತಪ್ಪಿರುತ್ತದೆ, ಇರಲಿ, ತಿದ್ದಬಹುದು. ಮೇಡಂ ಈಗ ಹಾಗೇ ಮಾಡುತ್ತಾರೆ, ಬಸ್ಸಿನಲ್ಲಿ.

ಒಂದು ಹಳೇ ಭೂತ ಮಾತ್ರ ಇಲ್ಲಿ ಎದುರಾಗುತ್ತದೆ. ಶಾಲೆಗಳಲ್ಲಿ, ಕಚೇರಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳಿವೆ. ಅವು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಡಾಕ್ಸಿಗೆ ತಂದರೆ ಕನ್ನಡವೆಲ್ಲ ಮಾಯ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಉಳಿಯುತ್ತದೆ. ಹೆದರಬೇಡಿ, ಯೂನಿಕೋಡಿಗೆ ಬದಲಾಯಿಸುವ ಉಪಕರಣಗಳು ಬಿಟ್ಟಿಯಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಮ್ಮೆ ಕಣ್ಣಾಡಿಸಿ. ತಪ್ಪಾಗೋದು ಅಲ್ಲೇ.

ಡಾಕ್ಸಿನ ಕೆಟ್ಟ ಗುಣಗಳು ಮೂರನೇ ತಿಂಗಳಿಗೆ ಕಾಣತೊಡಗುತ್ತವೆ. "ಪಾಠ 4 ಹೊಸದು", "ಪಾಠ 4 ಕೊನೇದು", "ಪಾಠ 4 ನಿಜವಾಗ್ಲೂ ಕೊನೇದು". ಫೈಲುಗಳೆಲ್ಲ ಒಬ್ಬರ ಖಾತೆಯಲ್ಲಿ ಇರುತ್ತವೆ. ಅವರು ಗುಂಪು ಬಿಟ್ಟರೆ, ಖಾತೆ ಮುಚ್ಚಿದರೆ, ಪಾಠವೂ ಹೋಗಬಹುದು. ಬಿಟ್ಟಿ ಖಾತೆಯ 15 ಜಿಬಿ ಬರಹಕ್ಕೆ ಧಾರಾಳ. ವಿಡಿಯೋ ಹಾಕಲು ಶುರು ಮಾಡಿದರೆ ಅಲ್ಲ. ಹೊರಗಿನ ಟೀಚರ್ ಒಬ್ಬರಿಗೆ ನಿಮ್ಮ ಡಾಕ್ ಇದೆ ಅಂತ ಗೊತ್ತಾಗುವುದೂ ಕಷ್ಟ. ಬರೆಯಲು ಡಾಕ್ಸ್ ಚೆನ್ನ, ಬಾಳಿಕೆಗೆ ಅಲ್ಲ.

ವಿಕಿ

ನನಗೆ ವಿಕಿ ಕಂಡರೆ ಸ್ವಲ್ಪ ಜಾಸ್ತಿಯೇ ಇಷ್ಟ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಓದಿ.

ವಿಕಿಯಲ್ಲಿ ಸೇರಿ ಪಾಠ ಬರೆಯುವುದು ನಮಗೆ ಹೊಸದಲ್ಲ. ಕರ್ನಾಟಕದ ಸರ್ಕಾರಿ ಶಾಲೆ ಶಿಕ್ಷಕರು ಗಣಿತ, ವಿಜ್ಞಾನ, ಸಮಾಜದ ಸಾಮಗ್ರಿಯನ್ನು ಒಟ್ಟಿಗೆ ಕೂಡಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು, ಜನ ಕೋಯರ್ ಅನ್ನುವುದು, ಇರುವುದು ವಿಕಿ ತಂತ್ರಾಂಶದ ಮೇಲೆಯೇ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಅದನ್ನು ಕಟ್ಟಿತು. ಅಂದರೆ ಶಿಕ್ಷಕರಿಗೆ ವಿಕಿ ಬರುವುದಿಲ್ಲ ಅನ್ನುವ ಮಾತು ಸುಳ್ಳು. ಒಮ್ಮೆ ಕೂತು ಕಲಿಸಬೇಕು, ಅಷ್ಟೇ.

ವಿಕಿಮೀಡಿಯಾದ ವಿಕಿಬುಕ್ಸ್ 2003ರಲ್ಲಿ ಶುರುವಾದದ್ದು, ಪಠ್ಯಪುಸ್ತಕ ಬರೆಯಲೆಂದೇ. ಇಂಗ್ಲಿಷ್ ವಿಕಿಬುಕ್ಸಿನಲ್ಲಿ ಮಕ್ಕಳಿಗಾಗಿ ವಿಕಿಜೂನಿಯರ್ ಎಂಬ ಬೇರೆ ವಿಭಾಗವೇ ಇದೆ. ವಿಕಿಯಲ್ಲಿ ಯಾರು, ಯಾವಾಗ, ಯಾವ ಅಕ್ಷರ ಬದಲಾಯಿಸಿದರು ಅನ್ನುವುದೆಲ್ಲ ಉಳಿಯುತ್ತದೆ. ಲೈಸೆನ್ಸಿನ ಜಗಳವೇ ಇಲ್ಲ, ಉಳಿಸಿ ಬಟನ್ ಒತ್ತಿದರೆ ಬೈ-ಎಸ್‌ಎ. ಕನ್ನಡ ಟೈಪಿಂಗ್ ಒಳಗೇ ಇದೆ. ಇಂಗ್ಲಿಷ್ ಅಕ್ಷರದಿಂದ ಕನ್ನಡ ಮಾಡುವುದೂ ಇದೆ, ಇನ್‌ಸ್ಕ್ರಿಪ್ಟ್ ಕೀಲಿ ಜೋಡಣೆ ಇದೆ, ನುಡಿಗೆ ಒಗ್ಗಿದವರಿಗೆ ಅದರ ಕೆಜಿಪಿ ಜೋಡಣೆಯೂ ಇದೆ. ಬೇರೆಯವರ ಕಂಪ್ಯೂಟರಿನಲ್ಲಿ ಕೂತಾಗ ಇದು ಎಂಥ ಸುಖ ಅಂತ ಅನುಭವಿಸಿದವರಿಗೇ ಗೊತ್ತು.

ತೊಂದರೆ? ಮಕ್ಕಳ ಪಾಠಕ್ಕೆ ವಿಕಿ ಪುಟ ನೀರಸವಾಗಿ ಕಾಣುತ್ತದೆ. ದೊಡ್ಡ ಬಣ್ಣದ ಗುಂಡಿ ಇಲ್ಲ, ಆಟ ಇಲ್ಲ. ಸ್ಕ್ರ್ಯಾಚ್ ಪ್ರಾಜೆಕ್ಟನ್ನು ಪುಟದೊಳಗೇ ಆಡುವ ಹಾಗೆ ಕೂಡಿಸಲು ಬಿಡುವುದಿಲ್ಲ, ಕೊಂಡಿ ಮಾತ್ರ ಕೊಡಬಹುದು. ಯಾರು ಬೇಕಾದರೂ ತಿದ್ದಬಹುದು ಅನ್ನುವುದು ಕೆಲವರಿಗೆ ಭಯ. ನನ್ನ ಅನುಭವದಲ್ಲಿ ಭಯ ಬೇಕಾದದ್ದು ಅದಕ್ಕಲ್ಲ, ಯಾರೂ ತಿದ್ದದೇ ಇರುವುದಕ್ಕೆ. ನೀವೇ ನಾಲ್ಕು ಜನ ಓಡಾಡುತ್ತಿರಬೇಕು.

ನಮ್ಮದೇ ಸ್ವಂತ ವಿಕಿ ಕೂರಿಸೋಣ ಅಂತ ಒಬ್ಬರು ಖಂಡಿತ ಹೇಳುತ್ತಾರೆ. ಬೇಡ. ಹೋಸ್ಟಿಂಗ್ ಖರ್ಚು, ಅಪ್‌ಡೇಟ್, ಜೊತೆಗೆ ರಾತ್ರೋರಾತ್ರಿ ಬರುವ ಸ್ಪ್ಯಾಮ್. ನೋಡಿಕೊಳ್ಳಲು ಒಬ್ಬರು ಸಂಬಳಕ್ಕೆ ಇದ್ದರೆ ಮಾತ್ರ ಆ ದಾರಿ.

ಗಿಟ್‌ಹಬ್

ಮುಳುಗಿದ ಹಡಗಿನವನು ನಾನು, ಆದರೂ ಗಿಟ್‌ಹಬ್ಬನ್ನು ಬೈಯಲಾರೆ. ರಾಸ್ಪ್‌ಬೆರಿ ಪೈಯವರ ಪ್ರಾಜೆಕ್ಟ್‌ಗಳ ಮೂಲ ಬರಹ ಇರುವುದು ಅಲ್ಲೇ. ಪೈಥಾನ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ಪಾಠ, ಕೋಡ್, ಉತ್ತರ ಎಲ್ಲ ಒಂದೇ ಕಡೆ ಇರುತ್ತದೆ, ಕೋಡ್ ಓಡುತ್ತದಾ ಅಂತ ಪರೀಕ್ಷಿಸಲೂಬಹುದು. ಬರೆದದ್ದು ಬಿಟ್ಟಿಯಾಗಿ ವೆಬ್‌ಸೈಟ್ ಆಗುತ್ತದೆ. ಸ್ವಂತ ಹೆಸರಿನ ವೆಬ್ ವಿಳಾಸ ಬೇಕೆಂದರೆ ಡೊಮೇನಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು.

ಬರಹ ಮಾರ್ಕ್‌ಡೌನಿನಲ್ಲಿ, ಅಂದರೆ ತಲೆಬರಹ, ಪಟ್ಟಿಗಳಿಗೆ ಸರಳ ಚಿಹ್ನೆ ಹಾಕಿ ಬರೆಯುವ ರೀತಿಯಲ್ಲಿ. ಕಲಿಯಲು ಹತ್ತು ನಿಮಿಷ. ಕಷ್ಟ ಇರುವುದು ಅದರಲ್ಲಲ್ಲ, ಫೋರ್ಕ್, ಬ್ರಾಂಚ್, ಮರ್ಜ್ ಎಂಬ, ಪ್ರತಿ ತೆಗೆದು ತಿದ್ದಿ ಮತ್ತೆ ಮೂಲಕ್ಕೆ ಸೇರಿಸುವ ಸುತ್ತು ದಾರಿಯಲ್ಲಿ. ಹೋಗಲೇಬೇಕಾದರೆ ಎರಡು ಉಪಾಯ. ಒಂದು, ಪ್ಯಾರಾ ಪೂರ್ತಿ ಒಂದೇ ಸಾಲಿನಲ್ಲಿ ಬರೆಯಬೇಡಿ, ಒಂದು ವಾಕ್ಯಕ್ಕೆ ಒಂದು ಸಾಲು. ಪುಟದಲ್ಲಿ ಪ್ಯಾರಾ ಹಾಗೇ ಕಾಣುತ್ತದೆ, ಆದರೆ ಯಾರು ಯಾವ ವಾಕ್ಯ ತಿದ್ದಿದರು ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಎರಡು, ಸ್ಕ್ರ್ಯಾಚ್ ಪಾಠ ಆದರೆ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಸ್ಕ್ರ್ಯಾಚ್‌ಬ್ಲಾಕ್ಸ್ ಅಂತ ಒಂದು ಉಪಕರಣ ಇದೆ. ಬ್ಲಾಕಿನ ಹೆಸರನ್ನು ಅಕ್ಷರದಲ್ಲಿ ಬರೆದರೆ ಬಣ್ಣದ ಬ್ಲಾಕ್ ಚಿತ್ರ ತಾನೇ ಮಾಡಿಕೊಡುತ್ತದೆ. 10 ಹೆಜ್ಜೆಯನ್ನು 20 ಮಾಡಬೇಕೆಂದರೆ ಒಂದು ಅಂಕಿ ಬದಲಾಯಿಸಿ, ಮುಗೀತು.

ಸ್ಕ್ರ್ಯಾಚಿನ ಪ್ರಾಜೆಕ್ಟ್ ಫೈಲನ್ನೇ ಗಿಟ್‌ಹಬ್ಬಿನಲ್ಲಿಟ್ಟು ಬದಲಾವಣೆ ನೋಡುತ್ತೇವೆ ಅಂದುಕೊಂಡರೆ ನಿರಾಸೆ. ಅದು ಒಳಗೆ ಜಿಪ್ ಮಾಡಿದ ಕಟ್ಟು. "ಏನೋ ಬದಲಾಗಿದೆ" ಅನ್ನುವುದಕ್ಕಿಂತ ಜಾಸ್ತಿ ಅದು ಹೇಳುವುದಿಲ್ಲ.

ಇನ್ನೊಂದು ಮಾತು. ಗಿಟ್‌ಹಬ್ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು. ಪಾಠ ಬರೆಯುವಾಗ ಮಕ್ಕಳನ್ನೂ ಸೇರಿಸಿಕೊಳ್ಳುವ ಆಸೆ ಇದ್ದರೆ ಚಿಕ್ಕವರಿಗೆ ಇಲ್ಲಿ ಬಾಗಿಲಿಲ್ಲ.

ಸ್ಕ್ರ್ಯಾಚಿನ ಸ್ಟುಡಿಯೋ

ಮಕ್ಕಳಿಗೆ ಬಾಗಿಲು ಇರುವುದು ಇಲ್ಲಿ. ಸ್ಕ್ರ್ಯಾಚ್ ತಾಣದಲ್ಲಿ ಟೀಚರ್ ಖಾತೆ ತೆರೆದರೆ ವಿದ್ಯಾರ್ಥಿಗಳಿಗೆ ಇಮೇಲ್ ಇಲ್ಲದೆ ಖಾತೆ ಮಾಡಿಕೊಡಬಹುದು. ಒಂದು ಸ್ಟುಡಿಯೋ, ಅಂದರೆ ಪ್ರಾಜೆಕ್ಟ್‌ಗಳನ್ನು ಒಟ್ಟಿಗೆ ಇಡುವ ಪುಟ, ತೆರೆದು ಪ್ರತಿ ಪಾಠಕ್ಕೂ ಅರ್ಧ ಮಾಡಿದ ಪ್ರಾಜೆಕ್ಟ್ ಇಡಿ. ಮಗು "ರೀಮಿಕ್ಸ್" ಒತ್ತಿ ಮುಂದುವರಿಸುತ್ತದೆ. ಮೊದಲು ಮಾಡಿದವರ ಹೆಸರು ತಾನಾಗಿ ಉಳಿಯುತ್ತದೆ. ಹಂಚಿದ್ದೆಲ್ಲ ಬೈ-ಎಸ್‌ಎ. ಬೇರೆಯವರದ್ದನ್ನು ಎತ್ತಿಕೊಂಡು ಬದಲಾಯಿಸೋದು ಕಳ್ಳತನ ಅಲ್ಲ, ಹೆಸರು ಹೇಳಿದರೆ ಮರ್ಯಾದೆ ಅಂತ ಮಕ್ಕಳು ಕಲಿಯುವುದು ಇಲ್ಲೇ.

ಆದರೆ ಇಬ್ಬರು ಒಂದೇ ಪ್ರಾಜೆಕ್ಟಿನಲ್ಲಿ ಒಟ್ಟಿಗೆ ಕೆಲಸ ಮಾಡಲು ಆಗುವುದಿಲ್ಲ, ಡಾಕ್ಸಿನ ಹಾಗಲ್ಲ. ಪಾಠದ ಉದ್ದದ ವಿವರಣೆ ಬರೆಯಲೂ ಜಾಗ ಇಲ್ಲ. ಇದು ಪಾಠದ ಜೊತೆಗೆ ಇರಬೇಕಾದ ಜಾಗ, ಪಾಠದ ಬದಲಿಗೆ ಅಲ್ಲ. ಶಾಲೆಯಲ್ಲಿ ನೆಟ್ ಇಲ್ಲದಿದ್ದರೆ ಸ್ಕ್ರ್ಯಾಚನ್ನು ಕಂಪ್ಯೂಟರಿಗೇ ಹಾಕಿಕೊಂಡು, ಪ್ರಾಜೆಕ್ಟ್‌ಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ರೀಮಿಕ್ಸ್ ಆಗುವುದಿಲ್ಲ, ಆದರೆ ಪಾಠ ನಡೆಯುತ್ತದೆ.

ವಾಟ್ಸಾಪ್ ಗುಂಪು ಮಾತಾಡಲು ಮಾತ್ರ, ಅಲ್ಲಿ ಹಾಕಿದ ಫೈಲ್ ಸತ್ತಂತೆ. ಮೂಡಲ್ ಥರದ ಆನ್‌ಲೈನ್ ತರಗತಿ ತಂತ್ರಾಂಶಗಳು ಅಂಕ, ಹಾಜರಿ ಬೇಕಾದ ಶಾಲೆಗೆ ಸರಿ, ಬರೆಯುವ ಗುಂಪಿಗೆ ಭಾರ. ವಿಡಿಯೋ ಮಾಡುವ ಆಸೆ ಇದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಹೇಗೆ ಮಾಡುತ್ತದೆ ನೋಡಿ. ಅಲ್ಲಿ ಮೊದಲು ಬರಹ, ಆಮೇಲೆ ದನಿ. ಕನ್ನಡದಲ್ಲೂ ಇವೆ. ಬರಹ ಇಲ್ಲದೆ ನೇರ ರೆಕಾರ್ಡ್ ಮಾಡಿದರೆ ಒಂದು ತಪ್ಪಿಗೆ ಇಡೀ ವಿಡಿಯೋ ಮತ್ತೆ ಮಾಡಬೇಕು.

ಪದಗಳ ಪಟ್ಟಿ

ಎಲ್ಲಿ ಬರೆದರೂ ಇದು ಬೇಕು. ಲೂಪ್‌ಗೆ ಏನನ್ನುವುದು ಎಂಬ ಒಂದು ವಿಷಯಕ್ಕೆ ನಮ್ಮ ಡಾಕ್ಸಿನಲ್ಲಿ ಮೂವತ್ತೊಂದು ಕಾಮೆಂಟ್ ಬಿದ್ದವು. ಒಬ್ಬರಿಗೆ ಆವರ್ತನೆ, ಒಬ್ಬರಿಗೆ ಸುತ್ತು, ಇನ್ನೊಬ್ಬರಿಗೆ ಕುಣಿಕೆ. ಮೇಡಂ ಮಕ್ಕಳನ್ನೇ ಕೇಳಿದರು. ಅವರು "ಲೂಪ್" ಅಂದರು. ಮುಗೀತು. ವೇರಿಯಬಲ್‌ಗೆ ಮಾತ್ರ ಉಲ್ಟಾ ಆಯಿತು. ಗಣಿತದಲ್ಲಿ ಮಕ್ಕಳು ಚರಾಕ್ಷರ ಅಂತ ಆಗಲೇ ಓದಿರುತ್ತಾರೆ, ಆದರೂ ಆ ಪದ ಕೇಳಿದ ಕೂಡಲೇ ಮುಖ ಬಾಡುತ್ತದೆ. "ಹೆಸರು ಬರೆದ ಡಬ್ಬಿ" ಅಂದರೆ ಕೈ ಚಾಚುತ್ತಾರೆ. ನಮ್ಮ ಪಾಠದಲ್ಲಿ ಮೊದಲು ಡಬ್ಬಿ, ಐದನೇ ಪಾಠದಿಂದ ವೇರಿಯಬಲ್.

ಒಂದು ಶೀಟ್ ಮಾಡಿ, ಎರಡು ಕಾಲಂ ಸಾಕು. ಮೊದಲ ಪಾಠ ಬರೆಯುವ ಮುಂಚೆಯೇ ಇಪ್ಪತ್ತು ಪದ ತೀರ್ಮಾನ ಮಾಡಿ. ತಪ್ಪಿದ್ದರೂ ಪರವಾಗಿಲ್ಲ, ಎಲ್ಲಾ ಕಡೆ ಒಂದೇ ತಪ್ಪಿದ್ದರೆ ಒಂದೇ ಸಲ ತಿದ್ದಬಹುದು.

ಹಾಗಾದರೆ ನೀವು ಯಾರು?

ಮೂರ್ನಾಲ್ಕು ಜನ, ಎಲ್ಲರೂ ಕೆಲಸದಲ್ಲಿ ಇರುವವರು, ವಾರಕ್ಕೆ ಎರಡು ಗಂಟೆ, ದುಡ್ಡು ಶೂನ್ಯ. ಗುರಿ ಆರು ಪಾಠ, ಒಂದು ಬೇಸಿಗೆ ಶಿಬಿರ. ಹಾಗಾದರೆ ಡಾಕ್ಸ್ ಮತ್ತು ಸ್ಕ್ರ್ಯಾಚ್ ಸ್ಟುಡಿಯೋ. ಬೇರೆ ಏನೂ ಬೇಡ, ಯಾರು ಏನೇ ಹೇಳಿದರೂ. ಕೊನೆಗೆ ಪಿಡಿಎಫ್ ಮಾಡಿ, ಕಪ್ಪು ಬಿಳುಪಿನಲ್ಲಿ ಒಂದು ಪ್ರತಿ ತೆಗೆದು ನೋಡಿ.

ಗುಂಪಿನಲ್ಲಿ ಶಿಕ್ಷಕರೇ ಜಾಸ್ತಿ, ವರ್ಷಗಟ್ಟಲೆ ಬಾಳಬೇಕು, ಬೇರೆ ಜಿಲ್ಲೆಯವರೂ ಬಂದು ತಿದ್ದಬೇಕು ಅಂದರೆ ವಿಕಿ. ಮೊದಲ ಎರಡು ಭಾನುವಾರ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಕಲಿಯಿರಿ. ಆನ್‌ಲೈನಿನಲ್ಲಿ ಸೇರಿ ಬರೆಯುವ ಕೆಲಸಕ್ಕೂ ಒಮ್ಮೆ ಎದುರುಬದುರು ಕೂರುವುದು ಬೇಕು. ನೆಟ್ ಕೈಕೊಟ್ಟರೆ ನಿಮ್ಮ ಬಳಿ ಕಂಪ್ಯೂಟರ್ ಇಲ್ಲದೆ ಆಡುವ ಪಾಠವೂ ಇರಲಿ. ಒಂದು ಮಗು ರೋಬೋ, ಇನ್ನೊಂದು ಅದಕ್ಕೆ ಆಜ್ಞೆ ಕೊಡುವುದು, ಚಪ್ಪಲಿ ಸಾಲು ದಾಟಿಸುವುದು. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಿಂದ ಬಂದ ಸಿಎಸ್ ಅನ್‌ಪ್ಲಗ್ಡ್‌ನಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ.

ಪೈಥಾನ್ ಪಾಠ, ಬರೆಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಎಂಜಿನಿಯರ್‌ಗಳು, ಹೊರದೇಶದ ಕನ್ನಡ ಮಕ್ಕಳಿಗೂ ಬೇಕು ಅಂದರೆ ಗಿಟ್‌ಹಬ್. ಆದರೆ ಟೀಚರ್‌ಗೆ ಡಾಕ್ಸ್ ಬಿಟ್ಟುಕೊಡಿ. ಎಂಜಿನಿಯರ್ ಒಬ್ಬರು ಅಲ್ಲಿಂದ ಇಲ್ಲಿಗೆ ಹೊರುವ ಕೂಲಿ ಮಾಡಲಿ. ನಮ್ಮ ಎರಡನೇ ಗುಂಪಿನಲ್ಲಿ ಆ ಕೂಲಿ ನಾನೇ. ಒಂದು ಪಾಠಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ.

ಸ್ವಲ್ಪ ದುಡ್ಡು ಇದೆ ಅಂದರೆ ವೆಬ್‌ಸೈಟಿಗೆ ಹಾಕಬೇಡಿ. ಚಿತ್ರ ಬರೆಯುವವರಿಗೆ ಕೊಡಿ, ಜೆರಾಕ್ಸಿಗೆ ಕೊಡಿ. ಚಿತ್ರಕ್ಕೂ ದುಡ್ಡಿಲ್ಲ ಅಂದರೆ ಪ್ರಥಮ್ ಬುಕ್ಸ್‌ನ ಮಕ್ಕಳ ಕಥೆಗಳ ತಾಣ ಸ್ಟೋರಿವೀವರ್‌ನಲ್ಲಿ ಹುಡುಕಿ. ಬೆಂಗಳೂರಿನವರದ್ದೇ, ಲೈಸೆನ್ಸ್ ಸಿಸಿ ಬೈ, ಹೆಸರು ಹಾಕಿ ಬಳಸಬಹುದು. ನಮ್ಮ ಮಕ್ಕಳ ಹಾಗೇ ಕಾಣುವ ಮಕ್ಕಳ ಚಿತ್ರ ಅಲ್ಲಿ ಸಿಗುತ್ತವೆ.

ಇನ್ನೂ ತೀರ್ಮಾನ ಆಗದಿದ್ದರೆ ಒಂದು ಪರೀಕ್ಷೆ. ಒಂದೇ ಪಾಠ ತೆಗೆದುಕೊಳ್ಳಿ, ಬೆಕ್ಕಿನ ಹತ್ತು ಹೆಜ್ಜೆಯೇ ಇರಲಿ. ಅದನ್ನು ಎರಡು ಜಾಗದಲ್ಲಿ ಹಾಕಿ, ಅದರಲ್ಲಿ ಬೇಕೆಂದೇ ಒಂದು ತಪ್ಪು ಬಿಡಿ. ನಿಮ್ಮ ಮೇಡಂ ಯಾರೋ ಅವರಿಗೆ ಎರಡೂ ಕೊಂಡಿ ಕಳಿಸಿ, ಏನೂ ವಿವರಿಸಬೇಡಿ. ಎರಡು ದಿನ ಕಾಯಿರಿ. ಯಾವ ಜಾಗದಲ್ಲಿ ಆ ತಪ್ಪು ತಾನಾಗಿ ಸರಿಯಾಗಿದೆಯೋ ಅಲ್ಲಿ ಬರೆಯಿರಿ. ಎರಡರಲ್ಲೂ ಆಗದೆ ವಾಟ್ಸಾಪ್‌ಗೆ ನೋಟ್‌ಬುಕ್ಕಿನ ಫೋಟೋ ಬಂದರೆ, ಟೈಪ್ ಮಾಡುವವರನ್ನು ಒಬ್ಬರನ್ನು ಹುಡುಕಿ.